ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲೆ: ಹಿರೇಕೆರೂರು ಸೀಮೆಯ ನಿದರ್ಶನ

ಎಳೆಯ ಮಕ್ಕಳಿಗೆ ಚಿತ್ರಕಲೆಯನ್ನು ಕಲಿಸುವುದು ಶಿಕ್ಷಣಶಾಸ್ತ್ರಕ್ಕೆ ಮಾತ್ರ ಸೇರಿದ ವಿಷಯವೆಂದು ಎಣಿಸುವ ರೂಢಿಯಿದೆ. ಅದಕ್ಕೊಂದು ಚರಿತ್ರೆಯೂ ಉಂಟು. ಅದನ್ನು ಅರಿಯದೆ ಇಂದಿನ ಶಾಲೆಯ ಕೊರತೆಯನ್ನು ತಿಳಿಯಲಾಗದೆಂಬುದು ನಮ್ಮ ಅಭಿಪ್ರಾಯ. ಹಿರೇಕೆರೂರು ತಾಲ್ಲೂಕನ್ನು ಇಲ್ಲಿ ನಿದರ್ಶನವಾಗಿ ಆರಿಸಿಕೊಂಡಿದ್ದೇವೆ. 1997ರಿಂದ ಹಾವೇರಿ ಜಿಲ್ಲೆಗೆ ಸೇರಿರುವ ಈ ತಾಲ್ಲೂಕು ಮೊದಲು ಧಾರವಾಡ ಜಿಲ್ಲೆಯಲ್ಲಿದ್ದಿತು. 1956ರವರೆಗೆ ಅದರ ವಿದ್ಯಾವ್ಯವಸ್ಥೆಯು ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದಿತು.

ಮುಂಬಯಿಯಲ್ಲಿ ಸರ್ ಜೆ. ಜೆ. ಕಲಾಶಾಲೆಯು 1857ರಲ್ಲಿ ಆರಂಭವಾಯಿತು. ಅಲ್ಲಿ ಚಿತ್ರಶಿಕ್ಷಕರ ತರಬೇತಿಗೆ 1893ರಲ್ಲಿ ಏರ್ಪಾಡಾಯಿತು. ಆ ಕಾಲದ ಬೋಧನೆಗೆ ಮಾದರಿಯಾದುದು ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ಪದ್ಧತಿ: ಮೊದಲು ಸರಳರೇಖೆ, ಬಳಿಕ ವಕ್ರರೇಖೆ, ಆಮೇಲೆ ಮಾದರಿಯ ನಕಲು. ಕೈಗಾರಿಕೆಗೆ ಒದಗುವ ಕೈಯನ್ನು ಪಳಗಿಸುವುದೇ ಅದರ ಗುರಿ. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಚಿತ್ರಕಲಾ ಪರೀಕ್ಷೆಗಳು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಮೆಟ್ಟಿಲಾದುವು. ಈ ಪದ್ಧತಿಯನ್ನು ಕೇವಲ ಹಳಿಯುವುದು ನ್ಯಾಯವಲ್ಲ. ಧಾರವಾಡದ ಡಿ. ವಿ. ಹಾಲಭಾವಿಯವರಂಥ ಕಲಾವಿದರು ಮುಂಬಯಿಯ ಶಾಲೆಯಲ್ಲಿ ಕಲಿತು ಬಂದೇ ಈ ನಾಡಿನಲ್ಲಿ ಕಲಾಬೋಧನೆಗೆ ನೆಲೆ ಒದಗಿಸಿದರು. ಆದರೆ ಪರೀಕ್ಷೆಯ ಮೆಟ್ಟಿಲು ಪ್ರಾಥಮಿಕ ಶಾಲೆಯ ಮಗುವಿನವರೆಗೆ ಇಳಿಯಲಿಲ್ಲ. ಪರೀಕ್ಷೆಯಿಲ್ಲದ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಗೌರವವೂ ದೊರೆಯಲಿಲ್ಲ.

ಹಾಗೆಂದು ಈ ಸೀಮೆಯ ಮಕ್ಕಳು ಕಲೆಯಿಲ್ಲದೆ ಬೆಳೆದರೆ? ಇಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಜೇಡಿಮಣ್ಣಿನ ಎತ್ತುಗಳು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಅಂಗಳದಲ್ಲಿ ಚುಕ್ಕೆಯ ರಂಗವಲ್ಲಿ: ಇವು ಮನೆಯ ಪಾಠಗಳು. ಧಾರವಾಡ ಸೀಮೆಯ ಕಸೂತಿಯನ್ನು ನೋಡಿರಿ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಮೇಲೆ ಮೊದಲು ರೇಖೆ ಎಳೆಯುವುದಿಲ್ಲ. ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸೀಕಟ್ಟೆಗಳನ್ನು ಮೂಡಿಸಬೇಕು. ಸೌತ್ ಕೆನ್ಸಿಂಗ್‌ಟನ್ ಬಯಸಿದ ರೇಖಾಗಣಿತದ ಶಿಸ್ತು ನಮ್ಮ ಅಜ್ಜಿಯರ ಸೂಜಿಯ ಮೊನೆಯಲ್ಲಿಯೇ ಇದ್ದಿತು. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಮಲದ ಛತ್ತು, ಅಬಲೂರಿನ ಸೋಮೇಶ್ವರ ಗುಡಿಯ ಏಕಾಂತದ ರಾಮಯ್ಯನ ಕಥಾಶಿಲ್ಪಗಳು ಮಕ್ಕಳ ಕಣ್ಣಳತೆಯಲ್ಲಿಯೇ ಇದ್ದುವು. ಇವಾವುವನ್ನೂ ಶಾಲೆಯು ಪಾಠವೆಂದು ಎಣಿಸಲಿಲ್ಲ.

ಈ ಅಂತರವನ್ನು ಕಂಡವರು ಇಲ್ಲದಿಲ್ಲ. ವಿಯೆನ್ನಾದಲ್ಲಿ ಫ್ರಾನ್ಸ್ ಚಿಜೆಕ್ 1897ರಲ್ಲಿಯೇ ಮಕ್ಕಳಿಗಾಗಿ ಕಲಾತರಗತಿಯನ್ನು ತೆರೆದು, ನಕಲನ್ನು ಬಿಟ್ಟು ಮಗುವಿನ ಸ್ವಂತ ರಚನೆಗೆ ಎಡೆಮಾಡಿದನು. ನಮ್ಮಲ್ಲಿ 1937ರ ವರ್ಧಾ ಶಿಕ್ಷಣ ಯೋಜನೆಯು ಕೈಗೆಲಸವನ್ನು ಕಲಿಕೆಯ ಕೇಂದ್ರಕ್ಕೆ ತಂದಿತು. 1944ರಲ್ಲಿ ಸೇವಾಗ್ರಾಮವನ್ನು ಸೇರಿದ ದೇವಿಪ್ರಸಾದರು ಕಲೆಯನ್ನೇ ಶಿಕ್ಷಣದ ತಳಹದಿಯೆಂದು ಪ್ರತಿಪಾದಿಸಿದರು. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಕಲೆಗೆ ಶಾಲೆಯಲ್ಲಿ ಅಧಿಕೃತ ಸ್ಥಾನವನ್ನು ಕೇಳಿತು.

ಸ್ಥಾನವನ್ನು ಕಾಗದದ ಮೇಲೆ ಕೊಡುವುದು ಸುಲಭ. ಮಣ್ಣೆತ್ತನ್ನು ತಾನೇ ಮಾಡಿದ ಮಗು ಎತ್ತಿನ ಹಿಣಿಲನ್ನೂ ಕೊಂಬನ್ನೂ ನಿಟ್ಟಿಸಿ ನೋಡಿರುತ್ತದೆ. ಮಾರುಕಟ್ಟೆಯಿಂದ ತಂದ ಮಗುವಿಗೆ ಆ ನೋಟ ದೊರೆಯದು. ಮನೆಯ ಪಾಠವು ಕಳಚುತ್ತಿರುವ ಈ ಕಾಲದಲ್ಲಿ ಶಾಲೆಯೂ ಅದನ್ನು ಕೈಬಿಟ್ಟರೆ ಆ ವಿದ್ಯೆಗೆ ಮೂರನೆಯ ಮನೆಯಿಲ್ಲ. ಶಿಕ್ಷಕರಾಗಲಿರುವ ವಿದ್ಯಾರ್ಥಿಗಳು ಇದನ್ನು ಮನಗಾಣಬೇಕೆಂಬುದೇ ನಮ್ಮ ಬಿನ್ನಹ.