ಹಣೆಪಟ್ಟಿ ಬರೆದವರ ಕಥೆ

ಚಾಲುಕ್ಯ ದೊರೆ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ವನ್ನು ಗ್ರಂಥಾಲಯದ ಯಾವ ಕಪಾಟಿನಲ್ಲಿ ಇಡಬೇಕು? ಅದರಲ್ಲಿ ಜ್ಯೋತಿಷವಿದೆ, ವಾಸ್ತುವಿದೆ, ನೆಲದಡಿಯ ನೀರು ಗುರುತಿಸುವ ಬಗೆಯಿದೆ. ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ದನಕರುಗಳ ಚಿಕಿತ್ಸೆ ಎಲ್ಲವೂ ಉಂಟು. ಪುಸ್ತಕ ಒಂದು, ಅದು ಕೂರುವ ಜಾಗವೂ ಒಂದು. ಆದರೆ ಅದನ್ನು ಹುಡುಕಿ ಬರುವವರು ಹಲವರು, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಮಾತು. ಅಷ್ಟೂ ಜನರಿಗೆ ಈ ಒಂದೇ ಪುಸ್ತಕ ಸಿಗುವಂತೆ ಮಾಡುವುದು ಹೇಗೆ ಎಂದು ತಲೆ ಕೆಡಿಸಿಕೊಂಡವರಿಂದ ಹುಟ್ಟಿದ್ದೇ ವಿಷಯದ ಹಣೆಪಟ್ಟಿ. ಇಂದು ಅದನ್ನೇ ಟ್ಯಾಗ್ ಎನ್ನುತ್ತೇವೆ.

ಚೀಟಿ ಕಟ್ಟುವ ರೂಢಿ ಬಹಳ ಹಳೆಯದು. ಗ್ರೀಕರು ಮತ್ತು ರೋಮನ್ನರು ಸುರುಳಿ ಗ್ರಂಥಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಿದ್ದರು. ಪ್ರತಿ ಸುರುಳಿಯ ತುದಿಗೂ ಹೆಸರು ಬರೆದ ಸಣ್ಣ ಚರ್ಮದ ಚೀಟಿ ತೂಗುತ್ತಿತ್ತು. ರೋಮಿನ ವಾಗ್ಮಿ ಸಿಸೆರೊ ಗೆಳೆಯ ಅಟಿಕಸ್‌ಗೆ ಪತ್ರ ಬರೆದು, ತನ್ನ ಪುಸ್ತಕಗಳನ್ನು ಅಂಟಿಸಿ ಒಪ್ಪಮಾಡಲು ಇಬ್ಬರು ಕೆಲಸಗಾರರನ್ನು ಕಳಿಸು, ಚೀಟಿಗೆ ಬೇಕಾದ ಚರ್ಮದ ತುಂಡುಗಳನ್ನೂ ಅವರ ಕೈಯಲ್ಲಿ ಕೊಡು ಎಂದು ಕೇಳಿದ್ದ. ಕೃತಿಯ ಹೆಸರು ಗೊತ್ತಿದ್ದವರಿಗೆ ಅಷ್ಟು ಸಾಕಿತ್ತು. ಹೆಸರು ಗೊತ್ತಿಲ್ಲದೆ ಬರೀ ವಿಷಯ ಹಿಡಿದು ಬಂದವರಿಗೆ ಆ ಚೀಟಿಯಿಂದ ಉಪಯೋಗವಿರಲಿಲ್ಲ.

ಅವರ ಪರವಾಗಿ ಕಟ್ಟುನಿಟ್ಟಿನ ನಿಯಮ ಬರೆದವನು ಅಮೆರಿಕದ ಬಾಸ್ಟನ್ ಅಥೇನಿಯಂ ಗ್ರಂಥಾಲಯದ ಚಾರ್ಲ್ಸ್ ಕಟರ್. 1876ರಲ್ಲಿ ಪ್ರಕಟವಾದ ಆತನ ನಿಯಮಾವಳಿಯಲ್ಲಿ ಬೆಕ್ಕಿನ ಉದಾಹರಣೆಯೊಂದು ಬರುತ್ತದೆ. ಪುಸ್ತಕ ಬೆಕ್ಕಿನ ಕುರಿತಾದರೆ ಅದನ್ನು ‘ಬೆಕ್ಕು’ ಎಂಬಲ್ಲಿಯೇ ನಮೂದಿಸಬೇಕು. ಪ್ರಾಣಿಶಾಸ್ತ್ರ, ಸಸ್ತನಿಗಳು, ಸಾಕುಪ್ರಾಣಿಗಳು ಎಂದೆಲ್ಲ ಬರೆಯಕೂಡದು. ಕಾರಣ ಸರಳ. ‘ಪ್ರಾಣಿಶಾಸ್ತ್ರ’ದ ಅಡಿಯಲ್ಲಿ ನೂರಾರು ಕಾರ್ಡುಗಳು ಕೂಡಿದರೆ ಬೆಕ್ಕಿನ ಪುಸ್ತಕ ಅದರೊಳಗೆ ಹೂತುಹೋಗುತ್ತದೆ. ತೀರಾ ಅಗಲವಾದ ಪಟ್ಟಿ ಹಚ್ಚುವುದೂ ಹಚ್ಚದೆ ಬಿಡುವುದೂ ಹೆಚ್ಚುಕಡಿಮೆ ಒಂದೇ.

ಎಷ್ಟು ಅಗಲ ಎಂಬುದು ಇತ್ಯರ್ಥವಾಯಿತು. ಯಾರ ಮಾತಿನಲ್ಲಿ ಬರೆಯಬೇಕು ಎಂಬ ಜಗಳ ಮಾತ್ರ ನೂರು ವರ್ಷ ನಡೆಯಿತು. ಲೈಬ್ರರಿ ಆಫ್ ಕಾಂಗ್ರೆಸ್‌ನ ವಿಷಯ ಶೀರ್ಷಿಕೆಗಳನ್ನು ಲೋಕದ ಎಷ್ಟೋ ಗ್ರಂಥಾಲಯಗಳು ಅನುಸರಿಸುತ್ತಿದ್ದವು. ಸ್ಯಾನ್‌ಫರ್ಡ್ ಬರ್ಮನ್ ಎಂಬ ಅಮೆರಿಕದ ಗ್ರಂಥಪಾಲಕ ಜಾಂಬಿಯಾದ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವಾಗ, ಆಫ್ರಿಕನ್ನರ ಕುರಿತ ‘ಕಾಫಿರ್’ ಎಂಬ ಶೀರ್ಷಿಕೆ ಅಲ್ಲಿನ ಜನರಿಗೆ ಬೈಗುಳವೆಂದು ತಿಳಿದುಕೊಂಡ. ಇಂಥ ಹೆಸರುಗಳನ್ನೆಲ್ಲ ಒಂದೊಂದಾಗಿ ಎತ್ತಿ ತೋರಿಸಿ 1971ರಲ್ಲಿ ಪುಸ್ತಕ ಬರೆದ. ಆಮೇಲೆ ಹಲವು ಶೀರ್ಷಿಕೆಗಳು ಬದಲಾದವು. ಯಾರಿಗೂ ನೋವು ಮಾಡದ, ಆದರೆ ಬಳಕೆ ತಪ್ಪಿದ ಹೆಸರುಗಳಿಗೆ ಇನ್ನೂ ಹೆಚ್ಚು ಕಾಲ ಹಿಡಿಯಿತು: ಅಡುಗೆಗಿದ್ದ ‘ಕುಕರಿ’ ಎಂಬ ಹಳೆಯ ಶೀರ್ಷಿಕೆ ‘ಕುಕಿಂಗ್’ ಆದದ್ದು 2010ರಲ್ಲಿ. ಕನ್ನಡದಲ್ಲೂ ಇದೇ ಪಾಡು. ‘ಅಡುಗೆ’ ಎಂದು ಹುಡುಕುವ ಗೃಹಿಣಿಗೆ ಮಂಗರಸನ ‘ಸೂಪಶಾಸ್ತ್ರ’ ಸಿಗಬೇಕಾದರೆ ನಡುವೆ ಯಾರಾದರೂ ಆ ಎರಡು ಪದಗಳಿಗೆ ಗಂಟು ಹಾಕಿರಬೇಕು.

ಈ ವಿದ್ಯೆಯನ್ನು ಬೇರೆಯೇ ಎತ್ತರಕ್ಕೆ ಒಯ್ದವರು ಶಿಯಾಳಿ ರಾಮಾಮೃತ ರಂಗನಾಥನ್. ಮದರಾಸಿನಲ್ಲಿ ಗಣಿತದ ಮೇಷ್ಟರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಅದೇ ವರ್ಷ ತರಬೇತಿಗೆಂದು ಲಂಡನ್ನಿಗೆ ಹೋದರು. ಅಲ್ಲಿನ ಸೆಲ್ಫ್ರಿಜಸ್ ಅಂಗಡಿಯಲ್ಲಿ ಮಕ್ಕಳ ಆಟಿಕೆ ಮೆಕಾನೊ ಕಣ್ಣಿಗೆ ಬಿತ್ತು. ಅವೇ ಪಟ್ಟಿ, ಅವೇ ತಿರುಪು. ಜೋಡಿಸುವ ಬಗೆ ಬದಲಾದರೆ ಆಟಿಕೆಯೇ ಬೇರೆ. ವಿಷಯಗಳನ್ನೂ ಹೀಗೆ ಬಿಡಿಭಾಗಗಳಿಂದ ಕಟ್ಟಬಹುದಲ್ಲ ಎಂಬ ಹೊಳಹು ಅಲ್ಲಿ ಸಿಕ್ಕಿತು. 1933ರಲ್ಲಿ ಅವರ ಕೋಲನ್ ವರ್ಗೀಕರಣ ಅಚ್ಚಾಯಿತು.

ಅದಕ್ಕಿಂತ ಮುಂಚಿನ ಡ್ಯೂಯಿ ಪದ್ಧತಿಯಲ್ಲಿ ಪ್ರತಿ ವಿಷಯಕ್ಕೂ ಸಿದ್ಧ ಸಂಖ್ಯೆ. ರಂಗನಾಥನ್ನರದು ಒಡೆದು ಜೋಡಿಸುವ ದಾರಿ. 1950ರ ದಶಕದಲ್ಲಿ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಕ್ಷಕಿರಣ ಚಿಕಿತ್ಸೆ ಕುರಿತು ನಡೆದ ಸಂಶೋಧನೆ ಎಂದಿಟ್ಟುಕೊಳ್ಳಿ. ವೈದ್ಯ, ಶ್ವಾಸಕೋಶ, ಕ್ಷಯ, ಚಿಕಿತ್ಸೆ, ಕ್ಷಕಿರಣ, ಸಂಶೋಧನೆ, ಭಾರತ, 1950: ಒಂದೊಂದೂ ಒಂದೊಂದು ಬಿಡಿಭಾಗ. ಯಾವುದರ ಕುರಿತು, ಯಾವ ವಸ್ತು, ಯಾವ ಕ್ರಿಯೆ, ಎಲ್ಲಿ, ಯಾವಾಗ ಎಂಬ ಐದು ಬಗೆಯಲ್ಲಿ ಅವು ಹೊಂದಿಕೊಳ್ಳುತ್ತವೆ. ಸರಪಳಿಯಂತೆ ಪೋಣಿಸಿದ ಈ ಕೊಂಡಿಗಳನ್ನು ಹಿಂದಿನಿಂದ ಮುಂದಕ್ಕೆ ಒಂದೊಂದಾಗಿ ಬಿಚ್ಚಿ ಸೂಚಿ ಮಾಡಿದರೆ ಓದುಗ ‘ಕ್ಷಯ’ದಿಂದ ಬಂದರೂ ಸಿಗುತ್ತದೆ, ‘ಶ್ವಾಸಕೋಶ’ದಿಂದ ಬಂದರೂ ಸಿಗುತ್ತದೆ. ಈ ಸರಪಳಿ ಸೂಚಿಯನ್ನು ಬ್ರಿಟನ್ನಿನ ರಾಷ್ಟ್ರೀಯ ಗ್ರಂಥಸೂಚಿ 1950ರಿಂದ ಎರಡು ದಶಕ ಬಳಸಿತು.

ರಂಗನಾಥನ್ ಕೊನೆಯ ಹದಿನೈದು ವರ್ಷ ಕಳೆದದ್ದು ಬೆಂಗಳೂರಿನಲ್ಲಿ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ 1962ರಲ್ಲಿ ಅವರು ಇಲ್ಲಿ ಆರಂಭಿಸಿದ ದಸ್ತಾವೇಜು ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದು ಮೈಸೂರು ರಸ್ತೆಯಲ್ಲಿದೆ. ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಹುಡುಕುವುದು ಹಗುರ ಎಂದು ಅಲ್ಲಿನ ಜಿ. ಭಟ್ಟಾಚಾರ್ಯರು ರೂಪಿಸಿದ ಪಾಪ್ಸಿ ಪದ್ಧತಿ ರಂಗನಾಥನ್ನರ ಚಿಂತನೆಯದೇ ಮುಂದುವರಿಕೆ. 1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಬೆಂಗಳೂರಿನಲ್ಲೇ ತೀರಿಕೊಂಡರು.

ಮುಂದೆ ಪಟ್ಟಿ ಬರೆಯುವ ಕೆಲಸ ಗ್ರಂಥಪಾಲಕರ ಕೈಯಿಂದ ಎಲ್ಲರ ಕೈಗೆ ಬಂತು. 2007ರ ಆಗಸ್ಟ್ 23ರಂದು ಕ್ರಿಸ್ ಮೆಸಿನಾ ಎಂಬವರು ಟ್ವಿಟರ್‌ನಲ್ಲಿ ಪದದ ಆರಂಭದಲ್ಲಿ ಹ್ಯಾಶ್ ಗುರುತು ಇಡುವ ಸಲಹೆ ಕೊಟ್ಟರು. ಅದೇ ಅಕ್ಟೋಬರಿನಲ್ಲಿ ಸ್ಯಾನ್ ಡಿಯೇಗೊ ಸುತ್ತ ಕಾಡ್ಗಿಚ್ಚು ಹಬ್ಬಿದಾಗ ಜನ ಒಂದೇ ಹ್ಯಾಶ್‌ಟ್ಯಾಗ್ ಹಿಡಿದು ಬೆಂಕಿಯ ಸುದ್ದಿ ಹಂಚಿಕೊಂಡರು. ಬೇರೆ ಬೇರೆ ಜನ ಒಂದೇ ಮಾತಿಗೆ ಒಪ್ಪಿಕೊಂಡಿದ್ದರಿಂದ ಅದು ಕೆಲಸಕ್ಕೆ ಬಂತು.

ಕರ್ನಾಟಕದಲ್ಲಿ ಈ ಒಪ್ಪಂದ ಇನ್ನೂ ಬಾಕಿಯಿದೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಮೊದಲಿನಿಂದ ಇದೆ. ಗೋಳಗುಮ್ಮಟದ ಹಳೆಯ ಚಿತ್ರವೊಂದಕ್ಕೆ ಬರೀ ‘ಬಿಜಾಪುರ’ ಎಂದು ಬರೆದರೆ ಇಂದಿನ ಮಕ್ಕಳಿಗೆ ಸಿಗುವುದು ಕಷ್ಟ. ‘ಇತಿಹಾಸ’ ಎಂದಷ್ಟೇ ಬರೆದರೆ ಯಾರಿಗೂ ಸಿಗದು. ಮನೆಯ ಟ್ರಂಕಿನಲ್ಲಿರುವ ಫೋಟೊ, ಕಾಗದಪತ್ರ, ಹಾಡಿನ ಕ್ಯಾಸೆಟ್‌ಗಳನ್ನು ಈಗ ಕಂಪ್ಯೂಟರಿಗೆ ಏರಿಸುತ್ತಿರುವವರು ಒಂದಿಷ್ಟು ಹೊತ್ತು ಹೆಚ್ಚು ಕೊಡಬೇಕು. ಊರಿನ ಹಳೆಯ ಹೆಸರು, ಹೊಸ ಹೆಸರು, ಜಿಲ್ಲೆ, ಇಸವಿ, ಅದರಲ್ಲಿ ಇರುವುದೇನು ಎಂಬ ಐದನ್ನು ಅವತ್ತೇ ಬರೆದಿಡಿ.