ಜಪಾನಿ ಹಚ್ಚೆಯಲ್ಲಿ ಹೂವು

ಬೆನ್ನು, ಎದೆ, ತೋಳು, ತೊಡೆಗಳನ್ನೆಲ್ಲ ಒಂದೇ ಚಿತ್ರವಾಗಿ ಹೊದೆಸುವ ಜಪಾನಿನ ಸಾಂಪ್ರದಾಯಿಕ ಹಚ್ಚೆಗೆ ಹೊರಿಮೊನೊ ಎಂದು ಹೆಸರು. ‘ಕೆತ್ತಿದ್ದು’ ಎಂಬುದು ಅದರ ಅರ್ಥ. ಹೊರಗಿನವರಿಗೆ ಹೆಚ್ಚು ಪರಿಚಯವಿರುವ ಇರೆಜುಮಿ ಎಂಬ ಪದಕ್ಕೆ ‘ಮಸಿ ಇಳಿಸುವುದು’ ಎಂದರ್ಥ. ಈ ಕಲೆಯಲ್ಲಿ ಡ್ರ್ಯಾಗನ್, ಹುಲಿ, ಮೀನು, ವೀರರಷ್ಟೇ ಗಟ್ಟಿಯಾದ ಸ್ಥಾನ ಹೂವುಗಳಿಗಿದೆ. ಮುಖ್ಯವಾದವು ಬೊತಾನ್ ಎಂಬ ಪಿಯೊನಿ, ಕಿಕು ಎಂಬ ಸೇವಂತಿಗೆ, ಚೆರ್ರಿ ಮರದ ಹೂವಾದ ಸಕುರಾ ಮತ್ತು ತಾವರೆ. ಹೂವಲ್ಲದಿದ್ದರೂ ಹೂವಿನ ಸಾಲಿನಲ್ಲೇ ನಿಲ್ಲುವುದು ಮೊಮಿಜಿ, ಅಂದರೆ ಶರತ್ಕಾಲದಲ್ಲಿ ಕೆಂಪೇರಿದ ಮೇಪಲ್ ಎಲೆ.

ಇಲ್ಲಿ ಹೂವು ಒಂಟಿಯಾಗಿ ಬರುವುದು ಕಡಿಮೆ. ಅದು ಯಾವ ಪ್ರಾಣಿಯ ಪಕ್ಕದಲ್ಲಿ ಅರಳಿದೆ, ಯಾವ ಋತುವಿನದು, ನೀರಿನಲ್ಲಿ ತೇಲುತ್ತಿದೆಯೋ ಗಾಳಿಗೆ ಉದುರುತ್ತಿದೆಯೋ ಎಂಬುದೆಲ್ಲ ಸೇರಿದಾಗಲೇ ಅರ್ಥ ಕೂಡಿಬರುತ್ತದೆ. ಒಂದು ಹೂವಿಗೆ ಒಂದು ಅರ್ಥ ಎಂಬ ಪಟ್ಟಿ ಹಿಡಿದು ಹೊರಟವರಿಗೆ ಜಪಾನಿ ಹಚ್ಚೆ ಅರ್ಧವೂ ದಕ್ಕುವುದಿಲ್ಲ.

ಕರ್ನಾಟಕದ ಹಳ್ಳಿಗಳಲ್ಲಿ ಕೊರವಂಜಿಯರು ಊರೂರು ತಿರುಗಿ ಹುಯ್ಯುತ್ತಿದ್ದ ಹಚ್ಚೆ ಹೆಚ್ಚಾಗಿ ಹೆಂಗಸರದು. ಚುಕ್ಕಿ, ಗೆರೆಗಳ ಆ ಚಿತ್ತಾರ ಮುಂಗೈ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಹೊರಿಮೊನೊ ಬಹುಮಟ್ಟಿಗೆ ಗಂಡಸರದು, ಬಟ್ಟೆಯ ಮರೆಯಲ್ಲಿ ಉಳಿಯುವಂಥದು.

ಮೂಲ ಮತ್ತು ಬೆಳವಣಿಗೆ

ಹಚ್ಚೆಗೂ ಹೂವಿಗೂ ಇರುವ ನಂಟು ಚೀನೀ ಭಾಷೆಯಲ್ಲೇ ಇದೆ. ಹಳೆಯ ಚೀನೀ ಕಥನಗಳಲ್ಲಿ ಹಚ್ಚೆಯನ್ನು ‘ಹೂವಿನ ಕಸೂತಿ’ ಎಂದು ಕರೆಯುವ ರೂಢಿಯಿತ್ತು. ಕೊಳ್ಳೆ ಹೊಡೆದು ಬದುಕುವ 108 ವೀರರ ಕಥೆಯಾದ ‘ಶುಯ್ ಹು ಝುವಾನ್’ ಕಾದಂಬರಿಯಲ್ಲಿ ಹಚ್ಚೆಯಿದ್ದ ಲು ಝಿಶೆನ್ ಎಂಬ ಸಂನ್ಯಾಸಿಗೆ ‘ಹೂ ಭಿಕ್ಷು’ ಎಂಬ ಅಡ್ಡಹೆಸರೇ ಬಿದ್ದಿದೆ. ಈ ಕಾದಂಬರಿ ಜಪಾನಿನಲ್ಲಿ ‘ಸುಯಿಕೊದೆನ್’ ಎಂದು ಮನೆಮಾತಾಯಿತು. 1805ರಲ್ಲಿ ಲೇಖಕ ಬಾಕಿನ್ ಮಾಡಿದ ಅನುವಾದಕ್ಕೆ ಚಿತ್ರಕಾರ ಹೊಕುಸಾಯ್ ಚಿತ್ರಗಳನ್ನು ಬರೆದ ಆವೃತ್ತಿ ಹೊರಬರತೊಡಗಿತು.

ಹಚ್ಚೆಯ ಚರಿತ್ರೆ ದಿಕ್ಕು ಬದಲಿಸಿದ್ದು 1827ರ ಸುಮಾರಿಗೆ. ಉತಗಾವ ಕುನಿಯೊಶಿ ಎಂಬ ಕಲಾವಿದ ಆಗ ಸುಯಿಕೊದೆನ್ ವೀರರ ಮರದಚ್ಚಿನ ಚಿತ್ರಮಾಲೆ ಶುರುಮಾಡಿದ. ಮೂಲ ಕಾದಂಬರಿಯಲ್ಲಿ ಹಚ್ಚೆಯಿದ್ದವರು ಕೆಲವೇ ಮಂದಿ. ಕುನಿಯೊಶಿ ಇನ್ನೂ ಅನೇಕರ ಮೈಮೇಲೆ ಧಾರಾಳವಾಗಿ ಹಚ್ಚೆ ಬರೆದ. ಎದೊ ನಗರದ (ಇಂದಿನ ಟೋಕಿಯೊ) ಜನ ಆ ಚಿತ್ರಗಳಿಗೆ ಮುಗಿಬಿದ್ದರು. ಕೆಲವರಿಗೆ ಗೋಡೆಗೆ ಅಂಟಿಸಿಕೊಂಡರೆ ಸಾಲಲಿಲ್ಲ, ಅದೇ ಚಿತ್ರ ತಮ್ಮ ಬೆನ್ನ ಮೇಲೂ ಬೇಕೆನಿಸಿತು. ಅಚ್ಚಿನ ಮರ ಕೆತ್ತುವುದಕ್ಕೂ ಮೈಮೇಲೆ ಹಚ್ಚೆ ಹಾಕುವುದಕ್ಕೂ ಜಪಾನಿನಲ್ಲಿ ಇರುವುದು ‘ಹೊರು’ ಎಂಬ ಒಂದೇ ಕ್ರಿಯಾಪದ. ಇಂದಿಗೂ ಹಚ್ಚೆಯ ಉಸ್ತಾದರ ವೃತ್ತಿನಾಮ ‘ಹೊರಿ’ ಎಂದೇ ಮೊದಲಾಗುತ್ತದೆ.

ಹಚ್ಚೆ ಹಾಕಿಸಿಕೊಂಡವರಲ್ಲಿ ಬಡಗಿಗಳು, ಪಲ್ಲಕ್ಕಿ ಹೊರುವವರು, ಕೂಲಿಯವರು, ಜೂಜುಗಾರರು ಇದ್ದರು. ಎಲ್ಲರಿಗಿಂತ ಹೆಸರಾದವರು ಬೆಂಕಿ ಆರಿಸುವ ಪಡೆಯವರು. ಇದೇ ಊರಿನಲ್ಲಿ ಹಚ್ಚೆ ಶಿಕ್ಷೆಯೂ ಆಗಿತ್ತು. 1720ರಲ್ಲಿ ಜಪಾನನ್ನು ಆಳುತ್ತಿದ್ದ ಶೋಗನ್ ಯೊಶಿಮುನೆ ಕೆಲವು ಅಪರಾಧಗಳಿಗೆ ಮೂಗು, ಕಿವಿ ಕತ್ತರಿಸುವ ಬದಲು ತೋಳಿಗೆ ಮಸಿಯ ಗುರುತು ಹಾಕುವ ಕ್ರಮ ತಂದಿದ್ದ. ದೊಡ್ಡ ಚಿತ್ತಾರದ ಅಡಿಯಲ್ಲಿ ಈ ಕಳಂಕದ ಪಟ್ಟೆಯನ್ನು ಮುಚ್ಚಿಹಾಕಲು ಸಾಧ್ಯವಿತ್ತು.

ಬೊತಾನ್ ಮತ್ತು ಸಿಂಹ

ಹೊರಿಮೊನೊದಲ್ಲಿ ಪಟ್ಟದ ಹೂವು ಬೊತಾನ್. ಚೀನಾದಿಂದ ಬಂದ ಈ ಹೂವು ಬೊಗಸೆ ತುಂಬುವಷ್ಟು ದೊಡ್ಡದು. ಪದರಪದರವಾದ ಎಸಳುಗಳ ಅಂಚು ಸೀರೆಯ ನಿರಿಗೆಯಂತೆ ಅಲೆಯಾಡುತ್ತದೆ, ಗಿಡದಲ್ಲಿ ಮುಳ್ಳಿಲ್ಲ. ಚೀನೀಯರು ಇದನ್ನು ಹೂಗಳ ರಾಜನೆಂದು ಕರೆದು ಸಿರಿಸಂಪತ್ತಿಗೆ ಗುರುತಾಗಿಸಿದರು. ಎದೊದ ಹಚ್ಚೆಯವರ ಕೈಯಲ್ಲಿ ಅದಕ್ಕೆ ಇನ್ನೊಂದು ಗುಣ ಕೂಡಿಕೊಂಡಿತು. ಇದ್ದದ್ದನ್ನೆಲ್ಲ ಒಂದೇ ಪಣಕ್ಕೆ ಒಡ್ಡುವವನ ಎದೆಗಾರಿಕೆಯ ಗುರುತೂ ಅದೇ ಆಯಿತು. ಹೆಣ್ಣಿನ ಚೆಲುವಿಗೆ ಹೋಲಿಸುವ ಹೂವೇ ಹಚ್ಚೆಯಲ್ಲಿ ಗಂಡಸಿನ ಹೂವಾಯಿತು.

ಬೊತಾನಿನ ಜೊತೆಗಾರ ಕರಜಿಶಿ, ಅಂದರೆ ಚೀನೀ ಸಿಂಹ. ಪ್ರಾಣಿಗಳ ರಾಜನಿಗೆ ಹೂಗಳ ರಾಜ ಜೋಡಿ ಎನ್ನುವುದು ಮೇಲ್ನೋಟದ ವಿವರಣೆ. ಜಪಾನೀಯರು ಹೇಳುವ ಕಥೆ ಇನ್ನೂ ಆಳದ್ದು. ಸಿಂಹ ಯಾರಿಗೂ ಹೆದರುವುದಿಲ್ಲ, ಆದರೆ ತನ್ನ ಮೈಯೊಳಗೇ ಹುಟ್ಟಿ ಮಾಂಸವನ್ನು ತಿಂದುಹಾಕುವ ಒಂದು ಹುಳಕ್ಕೆ ಹೆದರುತ್ತದೆ. ಆ ಹುಳ ಸಾಯುವುದು ಬೊತಾನ್ ಹೂವಿನಿಂದ ತೊಟ್ಟಿಕ್ಕುವ ಇಬ್ಬನಿಯಿಂದ ಮಾತ್ರ. ಹಾಗಾಗಿ ರಾತ್ರಿಯಾದರೆ ಸಿಂಹ ಬೊತಾನ್ ಗಿಡದ ಬುಡ ಹುಡುಕಿಕೊಂಡು ಹೋಗಿ ಮಲಗುತ್ತದೆ. ಸಿಂಹದ ಮೈಯೊಳಗಿನ ಹುಳ ಎಂಬುದು ಬೌದ್ಧ ಗ್ರಂಥಗಳಿಂದ ಬಂದ ಮಾತು. ಧರ್ಮವನ್ನು ಕೆಡಿಸುವವರು ಹೊರಗಿನವರಲ್ಲ, ಒಳಗಿನವರೇ ಎಂದು ಹೇಳಲು ಅದನ್ನು ಬಳಸುತ್ತಾರೆ. ಜಪಾನಿನ ಸಾಂಪ್ರದಾಯಿಕ ನೋ ರಂಗಭೂಮಿಯ ‘ಶಕ್ಕ್ಯೋ’ ನಾಟಕದಲ್ಲೂ ಸಿಂಹ ಕುಣಿಯುವುದು ಬೊತಾನ್ ಹೂಗಳ ನಡುವೆ. ಕುನಿಯೊಶಿಯ ಚಿತ್ರಮಾಲೆಯಲ್ಲಿ ದೊಡ್ಡ ತೊಲೆ ಹಿಡಿದು ನಿಂತ ಎನ್ಸೆಯ್ ಎಂಬ ವೀರನ ಮೈಮೇಲೆ ಇರುವುದೂ ಇದೇ ಜೋಡಿ.

ಇಪ್ಪತ್ತನೆಯ ಶತಮಾನದಲ್ಲಿ ಈ ಜೋಡಿಯನ್ನು ಮತ್ತೆ ಜನರ ನಾಲಿಗೆಗೆ ತಂದದ್ದು ಸಿನಿಮಾ. ತಕಕುರ ಕೆನ್ ನಟಿಸಿದ ‘ಶೋವ ಝಂಕ್ಯೋದೆನ್’ ಸರಣಿ 1965ರಿಂದ 1972ರವರೆಗೆ ನಡೆಯಿತು. ನಾಯಕನ ಬೆನ್ನ ಮೇಲಿನ ಸಿಂಹ–ಬೊತಾನ್ ಹಚ್ಚೆ ಅದರ ಗುರುತಾಯಿತು. 1968ರಲ್ಲಿ ಆರಂಭವಾದ ‘ಹಿಬೊತಾನ್ ಬಕುತೊ’ ಸರಣಿಯಲ್ಲಿ ಫುಜಿ ಜುಂಕೊ ಜೂಜುಗಾರ್ತಿಯಾಗಿ ಕಾಣಿಸಿಕೊಂಡಳು. ಅವಳ ಭುಜದ ಮೇಲಿದ್ದದ್ದು ಕೆಂಪು ಬೊತಾನ್.

ಸೇವಂತಿಗೆ

ಕಿಕು ಜಪಾನಿನ ಅರಮನೆಯ ಹೂವು. ಚಕ್ರವರ್ತಿ ಗೊತೊಬನಿಗೆ (1180–1239) ಇದರ ಮೇಲೆ ಬಹಳ ಪ್ರೀತಿಯಿತ್ತು. ಅಲ್ಲಿಂದ ಅದು ರಾಜವಂಶದ ಲಾಂಛನವಾಯಿತು. ಇಂದು ಜಪಾನಿನ ಪಾಸ್‌ಪೋರ್ಟ್ ಮೇಲಿರುವುದು ಹದಿನಾರು ಎಸಳಿನ ಕಿಕು. ಹಚ್ಚೆಯಲ್ಲಿ ಅದು ಸೂಚಿಸುವುದು ದೀರ್ಘಾಯುಷ್ಯವನ್ನು. ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಸೇವಂತಿಗೆ ಹಬ್ಬ. ಹಿಂದೆ ಅರಮನೆಯ ಹೆಂಗಸರು ಹಬ್ಬದ ಹಿಂದಿನ ರಾತ್ರಿ ಹೂಗಳ ಮೇಲೆ ರೇಷ್ಮೆಯ ಅರಳೆ ಹೊದಿಸಿಡುತ್ತಿದ್ದರು. ಬೆಳಗ್ಗೆ ಇಬ್ಬನಿಗೆ ತೊಯ್ದ ಆ ಅರಳೆಯಿಂದ ಮೈ ಒರೆಸಿಕೊಂಡರೆ ಮುಪ್ಪು ದೂರವಾಗುತ್ತದೆ ಎಂಬ ನಂಬಿಕೆಯಿತ್ತು. ಸೇವಂತಿಗೆ ಎಲೆಯ ಇಬ್ಬನಿ ಕುಡಿದು ಏಳುನೂರು ವರ್ಷ ಬಾಳಿದ ಹುಡುಗನ ಕಥೆ ನೋ ನಾಟಕದಲ್ಲಿದೆ.

ಸಕುರಾ, ಮೊಮಿಜಿ, ತಾವರೆ

ಸಕುರಾದ ಎಸಳು ಐದು, ಪ್ರತಿ ಎಸಳಿನ ತುದಿಯಲ್ಲಿ ಸಣ್ಣ ಸೀಳು. ಆ ಸೀಳನ್ನು ಬಿಟ್ಟು ತುದಿಯನ್ನು ದುಂಡಗೆ ಮಾಡಿದರೆ ಅದು ಪ್ಲಮ್ ಹೂವಾಗಿಬಿಡುತ್ತದೆ, ಋತುವೂ ಅರ್ಥವೂ ಬದಲಾಗುತ್ತವೆ. ಸಕುರಾ ಮರದಲ್ಲಿ ನಿಲ್ಲುವುದು ಕೆಲವೇ ದಿನ, ಬಾಡುವ ಮುಂಚೆಯೇ ಉದುರಿಬಿಡುತ್ತದೆ. ಸಾವಿಗೆ ಅಂಜದ ಸಮುರಾಯ್‌ಗೆ ಅದನ್ನು ಹೋಲಿಸಿದ್ದು ಇದಕ್ಕಾಗಿಯೇ. ಹಚ್ಚೆಯಲ್ಲಿ ಇಡೀ ಹೂವಿನ ಜೊತೆ ಗಾಳಿಗೆ ಚೆದುರಿದ ಬಿಡಿ ಎಸಳುಗಳೂ ಇರುತ್ತವೆ.

ಸಕುರಾ ಹಚ್ಚೆಯ ಹೆಸರು ಹೇಳಿದರೆ ಜಪಾನೀಯರಿಗೆ ನೆನಪಾಗುವುದು ತೋಯಾಮ ಕಗೆಮೊತೊ (1793–1855). ಎದೊದ ನ್ಯಾಯಾಧಿಕಾರಿಯಾಗಿದ್ದ ಈತನ ಮೈಮೇಲೆ ಹಚ್ಚೆ ಇತ್ತೆಂಬುದು ದಂತಕಥೆ. ರಂಗಭೂಮಿ ಮತ್ತು ಟಿವಿ ಅದನ್ನು ಬೆಳೆಸಿದವು. ಮಾರುವೇಷದಲ್ಲಿ ಅಲೆದು ಅಪರಾಧವನ್ನು ಕಣ್ಣಾರೆ ಕಂಡ ತೋಯಾಮ, ವಿಚಾರಣೆಯ ದಿನ ಅಪರಾಧಿಗಳು ಸಾಕ್ಷಿಯೆಲ್ಲಿ ಎಂದು ಕೇಳಿದಾಗ ನ್ಯಾಯಪೀಠದಲ್ಲಿ ಕುಳಿತೇ ನಿಲುವಂಗಿಯನ್ನು ಭುಜದಿಂದ ಜಾರಿಸುತ್ತಾನೆ. ಭುಜದ ಮೇಲಿನ ಸಕುರಾವೇ ಸಾಕ್ಷಿಯಾಗುತ್ತದೆ.

ಮೊಮಿಜಿ ಹೆಚ್ಚಾಗಿ ಬರುವುದು ಕೊಯ್ ಮೀನಿನ ಜೊತೆ. ಹಳದಿ ನದಿಯ ಜಲಪಾತವನ್ನು ಎದುರೀಜಿ ಹತ್ತಿದ ಮೀನು ಡ್ರ್ಯಾಗನ್ ಆಯಿತೆಂಬ ಚೀನೀ ಕಥೆಯೇ ಆ ಮೀನಿನ ಹಿನ್ನೆಲೆ. ಎಲೆಗಳು ಹೊಳೆಯ ಜೊತೆ ಕೆಳಕ್ಕೆ ಹರಿಯುತ್ತವೆ, ಮೀನು ಮೇಲಕ್ಕೆ ಏರುತ್ತದೆ. ಎರಡು ಋತುಗಳನ್ನು ಸುಮ್ಮನೆ ಬೆರೆಸುವಂತಿಲ್ಲ. ಬೆರೆಸಿದರೂ ಅದಕ್ಕೊಂದು ಲೆಕ್ಕವಿದೆ: ಸಕುರಾ ಮತ್ತು ಮೊಮಿಜಿಗಳನ್ನು ಬೇಕೆಂದೇ ಒಟ್ಟಿಗೆ ಬರೆಯುವ ವಿನ್ಯಾಸ ಪಿಂಗಾಣಿ ಪಾತ್ರೆಗಳಲ್ಲಿ ಹಳೆಯದು, ಅಲ್ಲಿ ಅದು ವಸಂತ–ಶರತ್ತುಗಳೆರಡನ್ನೂ ಸೂಚಿಸುತ್ತದೆ. ಭಾರತದಿಂದ ಬೌದ್ಧಧರ್ಮದ ಜೊತೆ ನಡೆದುಹೋದ ತಾವರೆ ಇಲ್ಲೂ ಕೆಸರಿನಿಂದ ಎದ್ದ ಪಾವಿತ್ರ್ಯವೇ. ಬುದ್ಧ, ಬೋಧಿಸತ್ವರ ಚಿತ್ರಗಳ ಜೊತೆಗೆ ಅದು ಬರುತ್ತದೆ.

ಜೋಡಿ ಕೂಡಿಸುವ ಈ ಅಭ್ಯಾಸ ಹಚ್ಚೆಗಷ್ಟೇ ಸೇರಿದ್ದಲ್ಲ. ಹನಫುದ ಎಂಬ ಹೂವಿನ ಇಸ್ಪೀಟಿನಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಗಿಡಗಳು, ಒಟ್ಟು 48 ಎಲೆಗಳು. ಜೂನ್‌ಗೆ ಬೊತಾನ್ ಮತ್ತು ಚಿಟ್ಟೆ, ಅಕ್ಟೋಬರ್‌ಗೆ ಮೊಮಿಜಿ ಮತ್ತು ಜಿಂಕೆ. ಇಂದು ವಿಡಿಯೊ ಗೇಮ್‌ಗೆ ಹೆಸರಾದ ನಿಂಟೆಂಡೊ 1889ರಲ್ಲಿ ಶುರುವಾದದ್ದು ಈ ಎಲೆಗಳನ್ನು ತಯಾರಿಸುವುದಕ್ಕೆ.

ಕೈಕೆಲಸ

ಹಳೆಯ ಪದ್ಧತಿಗೆ ತೆಬೊರಿ, ಅಂದರೆ ಕೈಕೆತ್ತನೆ ಎಂದು ಹೆಸರು. ಬಿದಿರಿನ ಕಡ್ಡಿಯ ತುದಿಗೆ ಸೂಜಿಗಳ ಗೊಂಚಲನ್ನು ರೇಷ್ಮೆ ದಾರದಿಂದ ಬಿಗಿಯುತ್ತಾರೆ. ಉಸ್ತಾದ ಎಡಗೈಯಿಂದ ಚರ್ಮವನ್ನು ಎಳೆದು ಹಿಡಿದು, ಅದೇ ಕೈಯ ಹೆಬ್ಬೆರಳಿನ ಮೇಲೆ ಕಡ್ಡಿಯನ್ನು ಆನಿಸಿ ಒಂದೇ ಲಯದಲ್ಲಿ ಚುಚ್ಚುತ್ತ ಹೋಗುತ್ತಾನೆ. ಮೊದಲು ಹೊರಗೆರೆ, ಆಮೇಲೆ ಕಪ್ಪಿನಿಂದ ಬೂದಿಗೆ ತೆಳುವಾಗುತ್ತ ಹೋಗುವ ಛಾಯೆ. ಇದಕ್ಕೆ ಬೊಕಾಶಿ ಎನ್ನುತ್ತಾರೆ. ಕಪ್ಪು ಮಸಿ ಚರ್ಮದಡಿಯಲ್ಲಿ ನೀಲಿಯಾಗಿ ಕಾಣುತ್ತದೆ. ಮೈತುಂಬ ಹಚ್ಚೆ ಮುಗಿಯಲು ವರ್ಷಗಳೇ ಹಿಡಿಯುತ್ತವೆ.

ಚಿತ್ರ ಮುಗಿದು ಬರಿಚರ್ಮ ಶುರುವಾಗುವ ಅಂಚಿಗೂ ಹೂವಿನ ಹೆಸರಿದೆ. ತೋಳಿನ ಕೊನೆಯಲ್ಲಿ ಅಂಚನ್ನು ನೇರವಾಗಿ ಕತ್ತರಿಸದೆ ಎಸಳಿನಂತೆ ಬಾಗುಬಾಗಾಗಿ ಮುಗಿಸಿದರೆ ಅದು ‘ಬೊತಾನ್ ಮಿಕಿರಿ’. ಎಸಳುಗಳ ಮಡಿಕೆಯಲ್ಲಿ ಅಕ್ಷರಗಳನ್ನು ಅಡಗಿಸುವುದು ‘ಕಕುಶಿಬೊರಿ’, ಅಂದರೆ ಗುಟ್ಟಿನ ಕೆತ್ತನೆ. ಎಲ್ಲಿದೆ ಎಂದು ತಿಳಿಯದವರಿಗೆ ಅಲ್ಲಿ ಕಾಣುವುದು ಹೂವು ಮಾತ್ರ.

ನಿಷೇಧ ಮತ್ತು ಇಂದು

ಪಶ್ಚಿಮದ ಕಣ್ಣಿಗೆ ಅನಾಗರಿಕರಾಗಿ ಕಂಡೇವೆಂಬ ಆತಂಕದಿಂದ ಮೇಜಿ ಸರ್ಕಾರ 1872ರಲ್ಲಿ ಹಚ್ಚೆಯನ್ನು ನಿಷೇಧಿಸಿತು. ಆ ಪಶ್ಚಿಮದವರೇ ಅದನ್ನು ಹುಡುಕಿಕೊಂಡು ಬಂದರು. ಮುಂದೆ ಐದನೆಯ ಜಾರ್ಜ್ ಆದ ಬ್ರಿಟಿಷ್ ರಾಜಕುಮಾರ 1881ರಲ್ಲಿ, ರಷ್ಯದ ಯುವರಾಜ ನಿಕೊಲಸ್ 1891ರಲ್ಲಿ ಜಪಾನಿನಲ್ಲಿ ಹಚ್ಚೆ ಹಾಕಿಸಿಕೊಂಡರು. ನಿಷೇಧ ತೆರವಾದದ್ದು 1948ರಲ್ಲಿ. ಹೊನೊಲುಲುವಿನಲ್ಲಿ ಅಂಗಡಿಯಿಟ್ಟಿದ್ದ ಹಚ್ಚೆಗಾರ ಸೇಲರ್ ಜೆರ್ರಿ ಜಪಾನಿನ ಉಸ್ತಾದರೊಂದಿಗೆ ಪತ್ರವ್ಯವಹಾರ ನಡೆಸಿದ. ಅಮೆರಿಕದ ಹಚ್ಚೆಗಾರ ಡಾನ್ ಎಡ್ ಹಾರ್ಡಿ 1973ರಲ್ಲಿ ಜಪಾನಿನ ಗಿಫುವಿಗೆ ಹೋಗಿ ಉಸ್ತಾದ ಹೊರಿಹಿದೆಯ ಬಳಿ ಕೆಲಸ ಮಾಡಿದ. ಹೀಗೆ ಗುಲಾಬಿಯನ್ನೇ ನೆಚ್ಚಿಕೊಂಡಿದ್ದ ಅಮೆರಿಕದ ಹಚ್ಚೆ ಅಂಗಡಿಗಳಿಗೆ ಬೊತಾನ್ ಕಾಲಿಟ್ಟಿತು.

ಜಪಾನಿನಲ್ಲಿ ಹಚ್ಚೆ ಎಂದರೆ ಯಾಕುಜಾ, ಅಂದರೆ ಸಂಘಟಿತ ಅಪರಾಧಿಗಳ ಗುಂಪಿನವರು, ಎಂಬ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ. ವೈದ್ಯ ಪರವಾನಗಿ ಇಲ್ಲದೆ ಹಚ್ಚೆ ಹಾಕುವುದು ಅಪರಾಧವಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ನಿರ್ಧರಿಸಿದ್ದು 2020ರಲ್ಲಿ. ಅನೇಕ ಸಾರ್ವಜನಿಕ ಸ್ನಾನಗೃಹಗಳು ಹಚ್ಚೆಯಿದ್ದವರನ್ನು ಈಗಲೂ ಒಳಗೆ ಬಿಡುವುದಿಲ್ಲ. ಸಣ್ಣ ಸಕುರಾವೊಂದಿದ್ದರೆ ಚರ್ಮದ ಬಣ್ಣದ ಪಟ್ಟಿ ಅಂಟಿಸಿ ಮುಚ್ಚಿಕೊಳ್ಳಲು ಕೆಲವೆಡೆ ಅವಕಾಶವಿದೆ. ಬೆನ್ನು ತುಂಬ ಅರಳಿದ ಬೊತಾನಿಗೆ ಅಂಥ ಪಟ್ಟಿ ಸಾಲದು. ಅದು ಬೀದಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಸಂದರ್ಭಗಳಲ್ಲೊಂದು ಮೇ ತಿಂಗಳಲ್ಲಿ ಟೋಕಿಯೊದ ಅಸಕುಸದಲ್ಲಿ ನಡೆಯುವ ಸಂಜ ಮತ್ಸುರಿ ಜಾತ್ರೆ. ದೇವರ ಪಲ್ಲಕ್ಕಿಗಳ ಸುತ್ತ ಕೆಲವು ಗಂಡಸರು ಅಂಗಿ ತೆಗೆದಾಗ, ವರ್ಷವಿಡೀ ಬಟ್ಟೆಯಡಿ ಇದ್ದ ಹೂಗಳು ಬಿಸಿಲಿಗೆ ಬರುತ್ತವೆ.