ಕಳೆದ ಬ್ಯಾರೆಲ್, ಉಳಿದ ಬ್ಯಾರೆಲ್: ತೈಲ ಪೂರೈಕೆಯ ವ್ಯತ್ಯಯ ಮತ್ತು ಬಂಕಿನ ಬೆಲೆ

2019ರ ಸೆಪ್ಟೆಂಬರ್ 14ರ ನಸುಕಿನಲ್ಲಿ ಸೌದಿ ಅರೇಬಿಯಾದ ಅಬ್ಖೈಕ್ ಸಂಸ್ಕರಣಾ ಘಟಕ ಹಾಗೂ ಖುರೈಸ್ ತೈಲಕ್ಷೇತ್ರದ ಮೇಲೆ ಡ್ರೋನ್ ಮತ್ತು ಕ್ಷಿಪಣಿಗಳ ದಾಳಿ ನಡೆಯಿತು. ಕಚ್ಚಾ ತೈಲದಲ್ಲಿ ಕರಗಿರುವ ಅನಿಲವನ್ನೂ ಹೈಡ್ರೋಜನ್ ಸಲ್ಫೈಡನ್ನೂ ಬೇರ್ಪಡಿಸಿ, ಹಡಗಿಗೆ ತುಂಬಲು ಯೋಗ್ಯವಾಗಿಸುವ ಕೆಲಸ ಅಬ್ಖೈಕ್‌ನದು. ಅಲ್ಲಿನ ಗೋಳಾಕಾರದ ಬೃಹತ್ ತೊಟ್ಟಿಗಳ ಮೈಮೇಲೆ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಒಂದೇ ಬಗೆಯ ತೂತುಗಳು ಬಿದ್ದಿದ್ದನ್ನು ಉಪಗ್ರಹ ಚಿತ್ರಗಳು ತೋರಿಸಿದವು. ದಿನಕ್ಕೆ 57 ಲಕ್ಷ ಬ್ಯಾರೆಲ್ ಉತ್ಪಾದನೆ ಒಮ್ಮೆಲೇ ನಿಂತಿತು. ಇದು ಜಗತ್ತಿನ ಪೂರೈಕೆಯ ಸುಮಾರು ಶೇ 5ರಷ್ಟು. ಸೋಮವಾರ ಮಾರುಕಟ್ಟೆ ತೆರೆದಾಗ ಬ್ಯಾರೆಲ್ಲಿಗೆ 60 ಡಾಲರ್ ಇದ್ದ, ಜಾಗತಿಕ ಬೆಲೆಗೆ ಅಳತೆಗೋಲಾದ ಬ್ರೆಂಟ್ ತೈಲ 72 ಡಾಲರ್ ಸಮೀಪಕ್ಕೆ ಜಿಗಿದು, ದಿನದ ಕೊನೆಗೆ 69ಕ್ಕೆ ನಿಂತಿತು. ತಿಂಗಳು ಮುಗಿಯುವ ಹೊತ್ತಿಗೆ ಅದು ಮತ್ತೆ 61ರ ಆಸುಪಾಸಿನಲ್ಲಿತ್ತು.

ನಲವತ್ತು ವರ್ಷ ಹಿಂದಕ್ಕೆ ಹೋದರೆ ಚಿತ್ರ ತಿರುವುಮುರುವು. 1978ರ ಕೊನೆಯಲ್ಲಿ ಇರಾನಿನ ತೈಲ ಕಾರ್ಮಿಕರು ಮುಷ್ಕರ ಹೂಡಿದರು; ಡಿಸೆಂಬರ್ ಕೊನೆಗೆ ಆ ದೇಶದ ರಫ್ತು ಸಂಪೂರ್ಣ ನಿಂತುಹೋಯಿತು. ಸೌದಿ ಮತ್ತಿತರ ದೇಶಗಳು ತುಂಬಿಕೊಟ್ಟದ್ದನ್ನು ಕಳೆದರೆ ನಿವ್ವಳ ಕೊರತೆ ಶೇ 4ರಿಂದ 5. ಅಂದರೆ ಪ್ರಮಾಣದಲ್ಲಿ ಅಬ್ಖೈಕ್‌ನಷ್ಟೇ ಅಥವಾ ಅದಕ್ಕಿಂತ ತುಸು ಕಡಿಮೆ. ಆದರೆ 13 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಎರಡು ವರ್ಷಗಳಲ್ಲಿ 34ರ ಮಟ್ಟ ತಲುಪಿತು.

ಪೂರೈಕೆ ಕಡಿಮೆಯಾದರೆ ಬೆಲೆ ಏರುತ್ತದೆ ಎಂಬ ಪಠ್ಯಪುಸ್ತಕದ ವಾಕ್ಯ ಈ ವ್ಯತ್ಯಾಸವನ್ನು ವಿವರಿಸುವುದಿಲ್ಲ. ಎಷ್ಟು ಬ್ಯಾರೆಲ್ ತಪ್ಪಿಹೋಯಿತು ಎನ್ನುವುದಕ್ಕಿಂತ, ಉಳಿದದ್ದು ಯಾರ ಕೈಯಲ್ಲಿದೆ, ಅದು ನಾಳೆಯೂ ಸಿಗುತ್ತದೆಂಬ ನಂಬಿಕೆ ಎಷ್ಟಿದೆ ಎಂಬುದೇ ಬೆಲೆ ಏರಿಕೆಯ ಗಾತ್ರವನ್ನು ನಿರ್ಧರಿಸುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ. ಭಾರತದ ಮಟ್ಟಿಗೆ ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು: ಆ ಏರಿಕೆ ಬಂಕಿಗೆ ಯಾವಾಗ, ಎಷ್ಟು ಇಳಿಯಬೇಕು ಎಂಬುದನ್ನು ಬಹುಮಟ್ಟಿಗೆ ದೆಹಲಿ ನಿರ್ಧರಿಸುತ್ತದೆ.

ಮೊದಲು ಬೇಡಿಕೆಯ ಸ್ವಭಾವ. ಡೀಸೆಲ್ ದುಬಾರಿಯಾಯಿತೆಂದು ಈರುಳ್ಳಿ ತುಂಬಿದ ಲಾರಿ ಹಾದಿ ನಡುವೆ ನಿಲ್ಲುವುದಿಲ್ಲ. ಕಚೇರಿಗೆ ಹೋಗುವವನು ವಾರದೊಳಗೆ ಮನೆ ಬದಲಿಸುವುದಿಲ್ಲ. ಸಂಶೋಧಕರಾದ ಹ್ಯೂಸ್, ನಿಟೆಲ್ ಮತ್ತು ಸ್ಪರ್ಲಿಂಗ್ ಅಮೆರಿಕದ ಅಂಕಿಅಂಶಗಳಿಂದ ಕಂಡುಕೊಂಡಂತೆ, ಪೆಟ್ರೋಲಿನ ಅಲ್ಪಾವಧಿ ಬೇಡಿಕೆಯ ಸ್ಥಿತಿಸ್ಥಾಪಕತ್ವ 1975–80ರಲ್ಲಿ 0.21ರಿಂದ 0.34ರಷ್ಟಿದ್ದದ್ದು 2001–06ರ ಹೊತ್ತಿಗೆ 0.034ರಿಂದ 0.077ಕ್ಕೆ ಕುಸಿದಿತ್ತು. ಈ ಎರಡನೆಯ ಅವಧಿಯ ಲೆಕ್ಕದಲ್ಲಿ ಬೆಲೆ ಶೇ 10ರಷ್ಟು ಏರಿದರೂ ಬಳಕೆ ಶೇ 1ರಷ್ಟೂ ಇಳಿಯದು. ಹಾಗಾಗಿ ಸಣ್ಣ ಕೊರತೆಯನ್ನು ಬರೀ ಬೆಲೆಯ ಮೂಲಕ ಸರಿದೂಗಿಸಬೇಕಾದರೆ ಬೆಲೆ ಬಹಳ ದೂರ ಸಾಗಬೇಕಾಗುತ್ತದೆ. ಪೂರೈಕೆಯ ಕಡೆಯೂ ಇಷ್ಟೇ ಬಿಗಿ: ಹೊಸ ಬಾವಿ ಕೊರೆದು ತೈಲ ತರಲು ತಿಂಗಳುಗಳು, ಸಮುದ್ರದೊಳಗಾದರೆ ವರ್ಷಗಳು ಬೇಕು. ಎರಡೂ ಕಡೆ ಬಿಗಿ ಇರುವಾಗ ನಡುವೆ ಮಣಿಯುವುದು ದಾಸ್ತಾನು ಮಾತ್ರ.

ದಾಸ್ತಾನು ಮತ್ತು ಭೀತಿ

1979ರಲ್ಲಿ ಆ ದಾಸ್ತಾನೇ ಎದುರಾಳಿಯಾಯಿತು. ಇರಾನಿನ ತೈಲವನ್ನೇ ಹೆಚ್ಚಾಗಿ ನೆಚ್ಚಿಕೊಂಡಿದ್ದ ಬಿಪಿ ಕಂಪನಿ, ತಾನು ಪೂರೈಸುತ್ತಿದ್ದ ಇತರರಿಗೆ ಒಪ್ಪಂದದ ಪ್ರಮಾಣವನ್ನು ಕಡಿತಗೊಳಿಸಿತು. ಕಡಿತಕ್ಕೊಳಗಾದವರು, ಮುಖ್ಯವಾಗಿ ಜಪಾನಿನ ಸಂಸ್ಕರಣಾ ಕಂಪನಿಗಳು, ಸ್ಪಾಟ್ ಮಾರುಕಟ್ಟೆಗೆ ನುಗ್ಗಿ ಸಿಕ್ಕ ಬೆಲೆಗೆ ಕೊಂಡವು. ನಾಳೆ ಇನ್ನೂ ದುಬಾರಿಯಾದೀತು ಎಂಬ ಭಯದಿಂದ ಎಲ್ಲರೂ ತಮ್ಮ ತೊಟ್ಟಿ ತುಂಬಿಸಲು ಹೊರಟರು. ತೈಲ ಇತಿಹಾಸಕಾರ ಡೇನಿಯಲ್ ಯೆರ್ಗಿನ್ ಅವರ ಲೆಕ್ಕದಂತೆ ಹೀಗೆ ದಾಸ್ತಾನಿಗೆ ಸೇರಿದ್ದು ದಿನಕ್ಕೆ ಸುಮಾರು 30 ಲಕ್ಷ ಬ್ಯಾರೆಲ್. ನಿಜವಾದ ಕೊರತೆ ಇದ್ದದ್ದು ಸುಮಾರು 20 ಲಕ್ಷ. ಕೊರತೆಗಿಂತ ಅದರ ಭೀತಿಯೇ ಹೆಚ್ಚು ತೈಲವನ್ನು ಮಾರುಕಟ್ಟೆಯಿಂದ ಎಳೆದುಕೊಂಡಿತ್ತು.

ಅರ್ಥಶಾಸ್ತ್ರಜ್ಞ ಲುಟ್ಜ್ ಕಿಲಿಯನ್ 2009ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನೇ ಮುನ್ನೆಚ್ಚರಿಕೆಯ ಬೇಡಿಕೆ ಎಂದು ಗುರುತಿಸಿ, ತೈಲಬೆಲೆಯ ದೊಡ್ಡ ಏರಿಳಿತಗಳಲ್ಲಿ ಉತ್ಪಾದನಾ ನಷ್ಟದ ನೇರ ಪಾಲು ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದು ಎಂದು ವಾದಿಸಿದರು. ಇದನ್ನು ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಜೇಮ್ಸ್ ಹ್ಯಾಮಿಲ್ಟನ್ ಪೂರೈಕೆಯ ಆಘಾತಕ್ಕೆ ಹೆಚ್ಚಿನ ತೂಕ ಕೊಡುತ್ತಾರೆ. ಆದರೆ 1991ರ ಜನವರಿ 17ರ ಘಟನೆ ಕಿಲಿಯನ್ ಪಕ್ಷದಲ್ಲಿದೆ ಎಂದೇ ನನಗೆ ತೋರುತ್ತದೆ. ಹಿಂದಿನ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ದಿನಕ್ಕೆ 43 ಲಕ್ಷ ಬ್ಯಾರೆಲ್ ತಪ್ಪಿ, ಅಕ್ಟೋಬರ್ ಹೊತ್ತಿಗೆ ಬೆಲೆ 40 ಡಾಲರ್ ಮುಟ್ಟಿತ್ತು. ಜನವರಿಯಲ್ಲಿ ಬಾಗ್ದಾದಿನ ಮೇಲೆ ಬಾಂಬ್ ಬೀಳತೊಡಗಿದ್ದೇ ತಡ, ಬೆಲೆ ಒಂದೇ ದಿನದಲ್ಲಿ ಸುಮಾರು ಮೂರನೇ ಒಂದು ಭಾಗ ಕುಸಿಯಿತು. ಕುವೈತಿನ ಬಾವಿಗಳಿಂದ ಒಂದು ಬ್ಯಾರೆಲ್ ಕೂಡ ಮರಳಿ ಬಂದಿರಲಿಲ್ಲ. ಸೌದಿ ತೈಲಕ್ಷೇತ್ರಗಳಿಗೆ ಅಪಾಯವಿಲ್ಲ ಎಂಬುದು ಮೊದಲ ರಾತ್ರಿಯೇ ಖಚಿತವಾಯಿತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯರ ತುರ್ತು ದಾಸ್ತಾನನ್ನು ಮೊದಲ ಬಾರಿಗೆ ಒಟ್ಟಾಗಿ ಬಿಡುಗಡೆ ಮಾಡಲು ಮುಂದಾಯಿತು. ಭಯ ಇಳಿಯಿತು, ಬೆಲೆಯೂ ಇಳಿಯಿತು.

ಅಬ್ಖೈಕ್‌ನಲ್ಲಿ ವಿಚಿತ್ರವೆಂದರೆ, ಪೂರೈಕೆಯ ಜೊತೆಗೆ ಜಗತ್ತಿನ ಆಪತ್ಕಾಲದ ಮೀಸಲು ಸಾಮರ್ಥ್ಯವೂ ಪೆಟ್ಟು ತಿಂದಿತ್ತು, ಏಕೆಂದರೆ ಆ ಮೀಸಲಿನ ಬಹುಪಾಲು ಸೌದಿಯದೇ. ಆದರೂ ಏರಿದ ಬೆಲೆ ಅಲ್ಲೇ ಉಳಿಯಲಿಲ್ಲ. ಅಮೆರಿಕ-ಚೀನಾ ವ್ಯಾಪಾರ ಸಮರದಿಂದ ಬೇಡಿಕೆ ಮಂಕಾಗಿತ್ತು; ಶೇಲ್ ತೈಲದ ಉತ್ಪಾದನೆ ಏರುತ್ತಿತ್ತು; ಸೌದಿಯ ಸರ್ಕಾರಿ ತೈಲ ಕಂಪನಿ ಅರಾಮ್ಕೊ ತನ್ನ ದಾಸ್ತಾನಿನಿಂದ ಗ್ರಾಹಕರ ಹಡಗುಗಳನ್ನು ತುಂಬಿಸುತ್ತಲೇ ಇತ್ತು. ಸೆಪ್ಟೆಂಬರ್ 17ರಂದು ಸೌದಿ ಇಂಧನ ಸಚಿವರು, ಗ್ರಾಹಕರಿಗೆ ಪೂರೈಕೆ ಹಿಂದಿನ ಮಟ್ಟಕ್ಕೆ ಮರಳಿದೆ ಎಂದು ಘೋಷಿಸಿದ ದಿನವೇ ಬೆಲೆ ಶೇ 6ಕ್ಕಿಂತ ಹೆಚ್ಚು ಇಳಿಯಿತು.

2022ರ ಪ್ರಕರಣ ಇದರ ಕನ್ನಡಿ ಬಿಂಬ. ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಎರಡೇ ವಾರಗಳಲ್ಲಿ ಬ್ರೆಂಟ್ 139 ಡಾಲರ್ ಮುಟ್ಟಿತು. ಏಪ್ರಿಲ್‌ನಿಂದ ರಷ್ಯಾದ 30 ಲಕ್ಷ ಬ್ಯಾರೆಲ್ ಮಾರುಕಟ್ಟೆಯಿಂದ ಮರೆಯಾಗಬಹುದು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜಿಸಿತ್ತು. ಅಷ್ಟು ನಷ್ಟ ಆಗಲೇ ಇಲ್ಲ. ಯುರೋಪಿಗೆ ಹೋಗುತ್ತಿದ್ದ ತೈಲ ರಿಯಾಯಿತಿ ದರದಲ್ಲಿ ಭಾರತ, ಚೀನಾಗಳತ್ತ ತಿರುಗಿತು. ಭಾರತದ ಆಮದಿನಲ್ಲಿ ಶೇ 2ರಷ್ಟೂ ಇರದಿದ್ದ ರಷ್ಯಾದ ಪಾಲು ಮುಂದಿನ ವರ್ಷ ಮೂರನೇ ಒಂದು ಭಾಗವನ್ನು ದಾಟಿತು. ಆ ಮಾರ್ಚಿನ 139 ಡಾಲರ್, ಹೆಚ್ಚುಕಡಿಮೆ ಪೂರ್ತಿಯಾಗಿ, ನಡೆಯದೇ ಹೋದ ಕೊರತೆಗೆ ಕಟ್ಟಿದ ಬೆಲೆ.

ಕಚ್ಚಾ ತೈಲದಿಂದ ಬಂಕಿಗೆ

ಒಂದು ಬ್ಯಾರೆಲ್ ಎಂದರೆ 159 ಲೀಟರ್. ಡಾಲರಿಗೆ 76 ರೂಪಾಯಿ ಇದ್ದಾಗ ಬ್ಯಾರೆಲ್ಲಿಗೆ 10 ಡಾಲರ್ ಏರಿದರೆ, ತೆರಿಗೆ ಮತ್ತು ಸಂಸ್ಕರಣೆಯನ್ನು ಬಿಟ್ಟು, ಲೀಟರಿಗೆ ಸುಮಾರು 4 ರೂಪಾಯಿ 80 ಪೈಸೆ ಏರಬೇಕು. ಲೆಕ್ಕ ಇಷ್ಟು ಸರಳ. ಬಂಕಿನ ಫಲಕ ಮಾತ್ರ ಈ ಲೆಕ್ಕವನ್ನು ಪಾಲಿಸುವುದು ಅಪರೂಪ.

ಅದಕ್ಕೆ ಮೊದಲ ಕಾರಣ ಬೆಲೆ ಕಟ್ಟುವ ಸೂತ್ರ. ರಂಗರಾಜನ್ ಸಮಿತಿಯ ಶಿಫಾರಸಿನಿಂದ ಬಂದ ವ್ಯವಸ್ಥೆಯಲ್ಲಿ ಸಂಸ್ಕರಣಾಗಾರದ ಬಾಗಿಲಿನ ಬೆಲೆಗೆ ಶೇ 80ರಷ್ಟು ಆಮದು ಸಮಾನ ದರ, ಶೇ 20ರಷ್ಟು ರಫ್ತು ಸಮಾನ ದರ ಆಧಾರ. ಮಂಗಳೂರಿನ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲೇ ತಯಾರಾದ ಡೀಸೆಲ್ ಆದರೂ ಅದರ ಬೆಲೆಯ ದೊಡ್ಡ ಭಾಗವನ್ನು, ಕೊಲ್ಲಿಯಿಂದ ಸಿದ್ಧ ಡೀಸೆಲನ್ನೇ ಹಡಗಿನಲ್ಲಿ ತಂದಂತೆ ಲೆಕ್ಕ ಹಾಕಲಾಗುತ್ತದೆ. ಹಾಗಾಗಿ ಕಚ್ಚಾ ತೈಲ ಅಗ್ಗವಾಗಿ ಸಿಕ್ಕರೂ ಜಗತ್ತಿನಲ್ಲಿ ಡೀಸೆಲ್ ತುಟ್ಟಿಯಿದ್ದರೆ ನಮಗೂ ತುಟ್ಟಿಯೇ. 2022ರಲ್ಲಿ ಯುರೋಪು ರಷ್ಯಾದ ಡೀಸೆಲ್ಲಿಗೆ ಬದಲಿ ಹುಡುಕುತ್ತಿದ್ದಾಗ ನಡೆದದ್ದು ಇದೇ. ಇಲ್ಲಿನ ಖಾಸಗಿ ಸಂಸ್ಕರಣಾಗಾರಗಳಿಗೆ ದೇಶದೊಳಗೆ ಮಾರುವುದಕ್ಕಿಂತ ರಫ್ತೇ ಲಾಭದಾಯಕವಾಯಿತು. ಸರ್ಕಾರ ಜುಲೈ 1ರಂದು ಡೀಸೆಲ್ ರಫ್ತಿನ ಮೇಲೆ ಲೀಟರಿಗೆ 13 ರೂಪಾಯಿ, ಪೆಟ್ರೋಲಿಗೆ 6 ರೂಪಾಯಿ ಸುಂಕ ಹೇರಬೇಕಾಯಿತು.

ಎರಡನೆಯದು ರಾಜಕೀಯದ ಗಡಿಯಾರ. ಪೆಟ್ರೋಲ್ ಬೆಲೆ 2010ರಲ್ಲಿ, ಡೀಸೆಲ್ ಬೆಲೆ 2014ರಲ್ಲಿ ನಿಯಂತ್ರಣಮುಕ್ತವಾದವು. 2017ರ ಜೂನ್ 16ರಿಂದ ದೇಶದಾದ್ಯಂತ ದಿನವೂ ಪರಿಷ್ಕರಣೆ ಶುರುವಾಯಿತು. ಕಾಗದದ ಮೇಲೆ ಇವತ್ತಿಗೂ ಅದೇ ಪದ್ಧತಿ. ಆದರೆ 2021ರ ನವೆಂಬರ್ ಆರಂಭದಿಂದ 2022ರ ಮಾರ್ಚ್ 21ರವರೆಗೆ, ನಡುವೆ ಐದು ರಾಜ್ಯಗಳ ಚುನಾವಣೆ ಇದ್ದ ಆ ನಾಲ್ಕೂವರೆ ತಿಂಗಳು, ಕಂಪನಿಗಳು ಬೆಲೆ ಮುಟ್ಟಲಿಲ್ಲ. ಬ್ರೆಂಟ್ ಆಗ 80ರಿಂದ 139ರವರೆಗೆ ಹೋಗಿ ಬಂದಿತ್ತು. ಫಲಿತಾಂಶ ಬಂದು ಹನ್ನೆರಡು ದಿನಕ್ಕೆ ಏರಿಕೆ ಶುರುವಾಯಿತು: ಮಾರ್ಚ್ 22ರಿಂದ ಏಪ್ರಿಲ್ 6ರೊಳಗೆ ಹದಿನಾಲ್ಕು ಬಾರಿ, ಹೆಚ್ಚಿನ ಸಲ 80 ಪೈಸೆಯಂತೆ. ಬೆಂಗಳೂರಿನಲ್ಲಿ 100.58 ಇದ್ದ ಪೆಟ್ರೋಲ್ 111.09 ಆಯಿತು. ಮೇ 21ರಂದು ಕೇಂದ್ರ ಅಬಕಾರಿ ಸುಂಕವನ್ನು ಇಳಿಸಿದ ಮೇಲೆ 101.94ಕ್ಕೆ ಬಂತು. ಬಂಕಿನ ಬೆಲೆ ಎಂಥ ರಾಜಕೀಯ ವಸ್ತು ಎಂಬುದು ನಮ್ಮಲ್ಲಿ ಹೊಸದೇನಲ್ಲ. 1973ರ ನವೆಂಬರಿನಲ್ಲಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋಗಿದ್ದು ಪೆಟ್ರೋಲ್ ಬೆಲೆ ಏರಿಕೆಯನ್ನು ಪ್ರತಿಭಟಿಸಲು.

ಇಳಿಕೆಯ ಕಥೆ ಇನ್ನೂ ಕುತೂಹಲಕರ. ಕಚ್ಚಾ ತೈಲ ಏರಿದಾಗ ಬಂಕಿನ ಬೆಲೆ ಬೇಗ ಏರುತ್ತದೆ, ಇಳಿದಾಗ ನಿಧಾನವಾಗಿ ಇಳಿಯುತ್ತದೆ ಎಂಬುದನ್ನು ಬ್ರಿಟನ್ನಿನ ಬಗ್ಗೆ ಬೇಕನ್ 1991ರಲ್ಲೂ, ಅಮೆರಿಕದ ಬಗ್ಗೆ ಬೋರೆನ್‌ಸ್ಟೈನ್ ಮತ್ತು ಸಂಗಡಿಗರು 1997ರಲ್ಲೂ ತೋರಿಸಿದ್ದಾರೆ. ಅಲ್ಲಿ ಅದಕ್ಕೆ ಕೊಡುವ ವಿವರಣೆಗಳು ಸ್ಪರ್ಧೆಯ ಕೊರತೆ, ಗ್ರಾಹಕರು ಬೆಲೆ ಹುಡುಕಿ ಅಲೆಯದಿರುವುದು ಇತ್ಯಾದಿ. ಭಾರತದಲ್ಲಿ ಈ ವಿಳಂಬಕ್ಕೆ ಲೆಕ್ಕಪತ್ರದ ಕಾರಣವಿದೆ. 2022ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಮೂರು ಸರ್ಕಾರಿ ತೈಲ ಮಾರಾಟ ಕಂಪನಿಗಳು ಒಟ್ಟು ಸುಮಾರು 18,480 ಕೋಟಿ ರೂಪಾಯಿ ನಷ್ಟ ತೋರಿಸಿದವು; ಏರಿಕೆಯ ಒಂದು ಭಾಗವನ್ನು ಅವು ಗ್ರಾಹಕರ ಬದಲು ತಾವೇ ಹೊತ್ತಿದ್ದವು. ಆಮೇಲೆ ಬ್ರೆಂಟ್ ಇಳಿದು 2023ರಲ್ಲಿ ಸರಾಸರಿ 82 ಡಾಲರಿಗೆ ಬಂದರೂ ಬಂಕಿನ ದರ ಕದಲಲಿಲ್ಲ. 2023–24ರಲ್ಲಿ ಅವೇ ಕಂಪನಿಗಳ ಲಾಭ ಸುಮಾರು 81,000 ಕೋಟಿ. ಕಂಪನಿಗಳಿಂದ ಮೊದಲ ಕಡಿತ, 2 ರೂಪಾಯಿ, ಬಂದದ್ದು 2024ರ ಮಾರ್ಚ್ 15ರಂದು. ಮರುದಿನ ಲೋಕಸಭಾ ಚುನಾವಣೆಯ ದಿನಾಂಕ ಪ್ರಕಟವಾಯಿತು. ರೂಪಾಯಿ 74ರಿಂದ 82–83ಕ್ಕೆ ಕುಸಿದದ್ದು ಡಾಲರ್ ಬೆಲೆಯ ಇಳಿಕೆಯಲ್ಲಿ ಒಂದಷ್ಟನ್ನು ನುಂಗಿದ್ದೂ ನಿಜ. ಆದರೆ ಆ ವರ್ಷದ ಲಾಭವನ್ನು ನೋಡಿದರೆ, ಹಿಂದಿನ ನಷ್ಟ ತುಂಬಿದ ಮೇಲೂ ವಸೂಲಿ ಮುಂದುವರಿಯಿತು ಎನ್ನದೆ ವಿಧಿಯಿಲ್ಲ.

ತೆರಿಗೆಯೂ ಬಹುಮಟ್ಟಿಗೆ ಹೀಗೆಯೇ ಒಮ್ಮುಖ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ವಾಯಿದೆ ಬೆಲೆ ಶೂನ್ಯಕ್ಕಿಂತ ಕೆಳಗಿಳಿದಾಗ ಅದರ ಲಾಭ ಗ್ರಾಹಕರಿಗೆ ದಕ್ಕಲಿಲ್ಲ. ಮೇ ತಿಂಗಳಲ್ಲಿ ಅಬಕಾರಿ ಸುಂಕ ಪೆಟ್ರೋಲಿಗೆ 10, ಡೀಸೆಲ್ಲಿಗೆ 13 ರೂಪಾಯಿ ಏರಿತು. ಇದರಲ್ಲಿ ರಾಜ್ಯಗಳೂ ಹಿಂದೆ ಬಿದ್ದಿಲ್ಲ. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ಬೆಂಗಳೂರಿನ ದರ 3 ರೂಪಾಯಿ ಹೆಚ್ಚಾಯಿತು.

ಪಾದೂರಿನ ಬಂಡೆಯೊಳಗೆ

ದಾಸ್ತಾನೇ ಭೀತಿಗೆ ಮದ್ದಾದರೆ, ಭಾರತದ ಮದ್ದಿನ ದೊಡ್ಡ ಪಾಲು ಕರಾವಳಿ ಕರ್ನಾಟಕದಲ್ಲಿದೆ. ಒಟ್ಟು 53.3 ಲಕ್ಷ ಟನ್ ಸಾಮರ್ಥ್ಯದ ರಾಷ್ಟ್ರೀಯ ಮೀಸಲಿನಲ್ಲಿ ಉಡುಪಿ ಜಿಲ್ಲೆಯ ಪಾದೂರಿನದು 25 ಲಕ್ಷ, ಮಂಗಳೂರಿನದು 15 ಲಕ್ಷ, ಉಳಿದ 13.3 ಲಕ್ಷ ವಿಶಾಖಪಟ್ಟಣದ್ದು. ಬಂಡೆ ಕೊರೆದು ಮಾಡಿದ ಈ ಗುಹೆಗಳಿಗೆ ಉಕ್ಕಿನ ಒಳಕವಚವಿಲ್ಲ. ಸುತ್ತಲಿನ ಅಂತರ್ಜಲದ ಒತ್ತಡವೇ ತೈಲವನ್ನು ಒಳಗೆ ಹಿಡಿದಿಡುತ್ತದೆ. ನೀರು ಒಳಕ್ಕೆ ಜಿನುಗಬಹುದೇ ಹೊರತು ತೈಲ ಹೊರಕ್ಕೆ ಹೋಗದು. 2020ರಲ್ಲಿ ಬೆಲೆ ನೆಲಕಚ್ಚಿದ್ದಾಗ ಸರಾಸರಿ 19 ಡಾಲರಿಗೆ ಕೊಂಡ ತೈಲದಿಂದ ಇವನ್ನು ತುಂಬಿಸಿದ್ದು, ಆ ವರ್ಷದ ತೈಲ ನೀತಿಯಲ್ಲಿ ನಾನು ಎರಡು ಮಾತಿಲ್ಲದೆ ಮೆಚ್ಚುವ ನಿರ್ಧಾರ.

ಆದರೆ ಪ್ರಮಾಣ ನೋಡಬೇಕು. ಮೂರೂ ಗುಹೆಗಳು ತುಂಬಿದ್ದರೆ ಸರ್ಕಾರದ ಲೆಕ್ಕದಲ್ಲೇ ಒಂಬತ್ತೂವರೆ ದಿನಗಳ ಅಗತ್ಯ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪೂರ್ಣ ಸದಸ್ಯರು ತೊಂಬತ್ತು ದಿನಗಳ ನಿವ್ವಳ ಆಮದಿನಷ್ಟು ದಾಸ್ತಾನು ಇಡಬೇಕು. ಭಾರತ 2017ರಿಂದ ಅದರ ಸಹಸದಸ್ಯ ಮಾತ್ರ, ಆ ಕಟ್ಟುಪಾಡಿಲ್ಲ. ಕಂಪನಿಗಳ ತೊಟ್ಟಿಗಳಲ್ಲಿರುವುದು ಬೇರೆ ಇದೆ, ನಿಜ; ಅದು ದಿನನಿತ್ಯದ ವ್ಯಾಪಾರದ ಸರಕು. 2021ರ ನವೆಂಬರಿನಲ್ಲಿ ಅಮೆರಿಕದ ಜೊತೆಗೂಡಿ ಬೆಲೆ ತಗ್ಗಿಸಲು ಭಾರತ ಬಿಡುಗಡೆ ಮಾಡಲೊಪ್ಪಿದ 50 ಲಕ್ಷ ಬ್ಯಾರೆಲ್, ದೇಶದ ಒಂದು ದಿನದ ಬಳಕೆಯಷ್ಟು.

ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್, ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್ ಸಂಗ್ರಹಕ್ಕೆ 2021ರ ಜುಲೈನಲ್ಲಿ ಒಪ್ಪಿಗೆ ಸಿಕ್ಕಿದೆ, ಖಾಸಗಿ ಸಹಭಾಗಿತ್ವದಲ್ಲಿ. ಖಾಸಗಿ ಪಾಲುದಾರ ಅಗ್ಗವಿದ್ದಾಗ ತುಂಬಿ ದುಬಾರಿಯಾದಾಗ ಮಾರುತ್ತಾನೆ. ಅದು ಅವನ ವ್ಯವಹಾರ, ಎಷ್ಟೋ ಸಲ ದೇಶಕ್ಕೂ ಅದರಿಂದ ಲಾಭವೇ. ತೊಡಕು ಬರುವುದು 1979ರಂಥ ಪರಿಸ್ಥಿತಿಯಲ್ಲಿ: ಬೆಲೆ ಇನ್ನೂ ಏರುತ್ತದೆಂದು ಎಲ್ಲರೂ ನಂಬಿರುವಾಗ ತೈಲ ಹಿಡಿದಿಟ್ಟುಕೊಳ್ಳುವುದೇ ಅವನಿಗೆ ಲಾಭ, ಹೊರಬಿಡುವುದೇ ದೇಶಕ್ಕೆ ಅಗತ್ಯ. ಆಗ ಗುಹೆಯ ಬಾಗಿಲು ತೆರೆಯುವ ಅಧಿಕಾರ ಯಾರದು, ಎಷ್ಟು ಗಂಟೆಗಳೊಳಗೆ, ಯಾವ ಬೆಲೆಗೆ ಎಂಬ ಷರತ್ತುಗಳನ್ನು ಒಪ್ಪಂದದಲ್ಲೇ ಬರೆದು ಸಾರ್ವಜನಿಕವಾಗಿ ಪ್ರಕಟಿಸಬೇಕು. ಮಾರುಕಟ್ಟೆಗೆ ಮುಂಚೆಯೇ ತಿಳಿದಿರುವ ದಾಸ್ತಾನಿಗೆ ಮಾತ್ರ ಮುನ್ನೆಚ್ಚರಿಕೆಯ ಬೇಡಿಕೆಯನ್ನು ತಗ್ಗಿಸುವ ಶಕ್ತಿಯಿದೆ.